ಎದುರುಗಾಳಿಯಲ್ಲಿ ಸಾಗುವ ಪುಟ್ಟ ದೋಣಿ

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆಯಿಂದ ಕೆಲಸಕ್ಕಾಗಿಯೋ ಓದಿಗಾಗಿಯೋ ಹೈದರಾಬಾದಿಗೆ ಹೋಗಿಬರುವವರು ಬಹುಮಂದಿ. ವಾಡಿಯಿಂದ ಸಿಕಂದರಾಬಾದಿಗೆ ೧೮೭೪ರಲ್ಲಿಯೇ ರೈಲುಮಾರ್ಗವಾಯಿತು. ೧೯೫೬ರವರೆಗೆ ಈ ಸೀಮೆಯೂ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದಿತು. ಹೀಗೆ ಹೋದವರು ಮಳೆಗಾಲದ ಒಂದು ಸಂಜೆ ಹುಸೇನ್ ಸಾಗರದ ಏರಿಯ ಮೇಲೆ ನಿಂತು ನೋಡಿದರೆ, ಬಿಳಿಯ ಹಾಯಿ ಕಟ್ಟಿದ ಪುಟ್ಟ ದೋಣಿಗಳು ಕಣ್ಣಿಗೆ ಬೀಳಬಹುದು. ಒಂದೊಂದರಲ್ಲಿ ಹತ್ತು ಹನ್ನೆರಡು ವರ್ಷದ ಒಂದೊಂದು ಮಗು ಕುಳಿತಿರುತ್ತದೆ. ಹುಟ್ಟು ಹಾಕುವವರಿಲ್ಲ, ಯಂತ್ರವಿಲ್ಲ. ಗಾಳಿ ಪಶ್ಚಿಮದಿಂದ ಬೀಸುತ್ತಿರುತ್ತದೆ. ಕೆಲವು ದೋಣಿಗಳು ಮೆಲ್ಲಮೆಲ್ಲನೆ ಪಶ್ಚಿಮದ ದಡವನ್ನೇ ಸಮೀಪಿಸುತ್ತಿರುತ್ತವೆ!

ಇದನ್ನು ಕಂಡುಬಂದ ನಮ್ಮ ವಿದ್ಯಾರ್ಥಿಯೊಬ್ಬನು ತರಗತಿಯಲ್ಲಿ ಎರಡು ಪ್ರಶ್ನೆಗಳನ್ನು ಕೇಳಿದನು. ಗಾಳಿಯಿಂದಲೇ ನಡೆಯುವ ದೋಣಿ ಗಾಳಿಗೆ ಎದುರಾಗಿ ಹೋಗುವುದು ಹೇಗೆ? ಎರಡನೆಯದು, ಆ ದೋಣಿಗಳು ಯಾರವು. ಅವನ್ನು ಕೊಳ್ಳುವಷ್ಟು ಹಣ ಆ ಮಕ್ಕಳ ಮನೆಯವರಲ್ಲಿ ಇದ್ದೀತೆ? ಮೊದಲನೆಯ ಪ್ರಶ್ನೆಗೆ ಭೌತಶಾಸ್ತ್ರದಲ್ಲಿ ಉತ್ತರವುಂಟು. ಎರಡನೆಯದು ನಮ್ಮ ಪಠ್ಯಪುಸ್ತಕದ ಹೊರಗಿನದು. ಆದರೂ ಎರಡನ್ನೂ ಒಟ್ಟಿಗೆ ವಿಚಾರಿಸುವುದು ಲೇಸೆಂದು ನಮಗೆ ತೋರಿತು.

ಬೇವಿನ ಬೀಜ ಮತ್ತು ಹಾಯಿದೋಣಿ

ಬೆನ್ನ ಹಿಂದಿನಿಂದ ಗಾಳಿ ಬೀಸಿದಾಗ ದೋಣಿ ಮುಂದೆ ಹೋಗುವುದರಲ್ಲಿ ಅಚ್ಚರಿಯೇನೂ ಇಲ್ಲ. ಇನ್ನು ಮೂತಿಯನ್ನು ನೆಟ್ಟಗೆ ಗಾಳಿಯತ್ತ ತಿರುಗಿಸಿಟ್ಟು ಮುಂದೆ ಸಾಗುವುದು ಯಾವ ಹಾಯಿದೋಣಿಗೂ ಸಾಧ್ಯವಿಲ್ಲ. ಹಾಯಿ ಬಾವುಟದಂತೆ ಪಟಪಟನೆ ಬಡಿದುಕೊಳ್ಳುತ್ತದೆ, ಅಷ್ಟೆ. ಆದರೆ ಮೂತಿಯನ್ನು ಗಾಳಿ ಬರುವ ದಿಕ್ಕಿನಿಂದ ಸುಮಾರು ೪೫ ಡಿಗ್ರಿಗಳಷ್ಟು ಓರೆಯಾಗಿಟ್ಟು, ಹಾಯಿಯನ್ನು ಹಗ್ಗದಿಂದ ಬಿಗಿಹಿಡಿದರೆ ಸಂಗತಿ ಬೇರೆಯಾಗುತ್ತದೆ. ಬಂದ ಗಾಳಿ ಹಾಯಿಯ ಬಾಗಿದ ಮೈಗುಂಟ ಹರಿದು, ದಿಕ್ಕು ಬದಲಿಸಿ, ದೋಣಿಯ ಹಿಂಬದಿಗೆ ಹೊರಡುತ್ತದೆ. ಹಾಯಿ ಗಾಳಿಯನ್ನು ಒಂದು ಕಡೆಗೆ ತಿರುಗಿಸಿತು. ನ್ಯೂಟನ್ನನ ಮೂರನೆಯ ನಿಯಮದಂತೆ ಗಾಳಿಯೂ ಹಾಯಿಯನ್ನು ವಿರುದ್ಧ ದಿಕ್ಕಿಗೆ ತಳ್ಳಲೇಬೇಕು. ಈ ಬಲವು ಹೆಚ್ಚುಕಡಿಮೆ ಹಾಯಿಯ ಮೈಗೆ ಲಂಬವಾಗಿರುತ್ತದೆ.

ಹಾಯಿಯು ದೋಣಿಯ ನಡುಗೆರೆಯೊಡನೆ ೨೦ ಡಿಗ್ರಿ ಕೋನದಲ್ಲಿದೆಯೆಂದೂ ಅದರ ಮೇಲಿನ ಬಲ ೫೦ ನ್ಯೂಟನ್ ಎಂದೂ ಇಟ್ಟುಕೊಳ್ಳೋಣ. ಈ ಬಲವನ್ನು ಎರಡು ಅಂಶಗಳಾಗಿ ಒಡೆದರೆ, ದೋಣಿಯನ್ನು ಮುಂದಕ್ಕೆ ತಳ್ಳುವ ಅಂಶ ೫೦ × ಸೈನ್ ೨೦°, ಅಂದರೆ ಸುಮಾರು ೧೭ ನ್ಯೂಟನ್; ಪಕ್ಕಕ್ಕೆ ತಳ್ಳುವ ಅಂಶ ೫೦ × ಕೊಸೈನ್ ೨೦°, ಅಂದರೆ ಸುಮಾರು ೪೭ ನ್ಯೂಟನ್. ಮುಂದಕ್ಕಿರುವ ಬಲಕ್ಕಿಂತ ಪಕ್ಕಕ್ಕಿರುವ ಬಲವೇ ಸುಮಾರು ಮೂರು ಪಟ್ಟು! ಹೀಗಿದ್ದರೆ ದೋಣಿ ಪಕ್ಕಕ್ಕೆ ಕೊಚ್ಚಿಕೊಂಡು ಹೋಗಬೇಕಲ್ಲವೆ?

ಹೋಗದಿರಲು ಕಾರಣ, ದಡದಲ್ಲಿ ನಿಂತವರ ಕಣ್ಣಿಗೆ ಕಾಣಿಸದ ಒಂದು ಹಲಗೆ. ದೋಣಿಯ ತಳದ ನಡುವಿನ ಸೀಳಿನಿಂದ ಕತ್ತಿಯ ಅಲಗಿನಂತೆ ನೀರಿನೊಳಕ್ಕೆ ಇಳಿಸಿದ ಹಲಗೆಯದು. ಉದ್ದಕ್ಕೆ ಅದು ನೀರನ್ನು ಸುಲಭವಾಗಿ ಸೀಳಿಕೊಂಡು ಹೋಗಬಲ್ಲುದು. ಅಡ್ಡಕ್ಕೆ ಸರಿಯಬೇಕಾದರೆ ಬಹಳಷ್ಟು ನೀರನ್ನು ನೂಕಬೇಕು. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ೮೦೦ ಪಟ್ಟಿಗೂ ಹೆಚ್ಚು. ಆದುದರಿಂದ ಪಕ್ಕದ ೪೭ ನ್ಯೂಟನ್ ಬಲವನ್ನು ಹಲಗೆಯ ಮೂಲಕ ನೀರು ತಡೆಹಿಡಿಯುತ್ತದೆ. ಮುಂದಿನ ೧೭ ನ್ಯೂಟನ್ ಮಾತ್ರ ತನ್ನ ಕೆಲಸ ಮಾಡುತ್ತದೆ.

ಮಾಗಿದ ಬೇವಿನ ಹಣ್ಣನ್ನು ಎರಡು ಬೆರಳುಗಳ ನಡುವೆ ಹಿಸುಕಿ ಬೀಜವನ್ನು ಚಿಮ್ಮಿಸದ ಮಕ್ಕಳು ನಮ್ಮ ಕಡೆ ಇಲ್ಲ. ಬೆರಳುಗಳು ಒತ್ತುವುದು ಅಕ್ಕಪಕ್ಕದಿಂದ. ಬೀಜ ಹಾರುವುದು ಮುಂದಕ್ಕೆ. ಹಾಯಿದೋಣಿಗೆ ಗಾಳಿ ಒಂದು ಬೆರಳು, ನೀರು ಇನ್ನೊಂದು ಬೆರಳು. ಒಂದೇ ಬೆರಳಿನಿಂದ ಬೀಜ ಚಿಮ್ಮುವುದಿಲ್ಲ.

ಇನ್ನು ದಾರಿಯ ಮಾತು. ಪಶ್ಚಿಮಕ್ಕೆ ಒಂದು ಕಿಲೋಮೀಟರು ದೂರದ ದಡವನ್ನು ಪಶ್ಚಿಮದ ಗಾಳಿಯಲ್ಲಿ ತಲುಪಬೇಕಾದ ಮಗು ಮೊದಲು ವಾಯವ್ಯಕ್ಕೆ ೭೦೭ ಮೀಟರು ಸಾಗಿ, ದೋಣಿಯನ್ನು ಹೊರಳಿಸಿ, ನೈಋತ್ಯಕ್ಕೆ ೭೦೭ ಮೀಟರು ಸಾಗುತ್ತದೆ. ಒಟ್ಟು ೧೪೧೪ ಮೀಟರು. ದಾರಿ ನೇರವಾಗಿಲ್ಲದಿದ್ದರೂ ಗುರಿ ಸಿಕ್ಕಿತು.

ಮಗುವಿನ ಭಾರ, ಗಾಳಿಯ ಬಲ

ಹಾಯಿಯ ಬಲ ಮೇಲ್ಗಡೆ, ಹಲಗೆಯ ತಡೆ ಕೆಳಗಡೆ. ಇವೆರಡೂ ಸೇರಿ ದೋಣಿಯನ್ನು ಮಗುಚಲು ನೋಡುತ್ತವೆ. ಇದಕ್ಕೆ ಪ್ರತಿಯಾಗಿ ಮಗು ಗಾಳಿ ಬರುವ ಕಡೆಯ ಅಂಚಿನ ಮೇಲೆ ಕುಳಿತು ಹೊರಕ್ಕೆ ಬಾಗುತ್ತದೆ. ತಕ್ಕಡಿಯ ನ್ಯಾಯವೇ ಇಲ್ಲಿಯೂ. ಸೆಕೆಂಡಿಗೆ ೫ ಮೀಟರು ವೇಗದ ಗಾಳಿಯಲ್ಲಿ ೩.೩ ಚದರ ಮೀಟರಿನ ಹಾಯಿಯ ಮೇಲೆ ಸುಮಾರು ೫೦ ನ್ಯೂಟನ್ ಬಲ ಬೀಳುತ್ತದೆ. ಹಾಯಿಯ ಬಲಕ್ಕೂ ಹಲಗೆಯ ತಡೆಗೂ ನಡುವಿನ ಎತ್ತರ ಒಂದೂವರೆ ಮೀಟರೆಂದರೆ ಮಗುಚುವ ಪರಿಣಾಮ ೭೫ ನ್ಯೂಟನ್-ಮೀಟರು. ೩೫ ಕಿಲೋಗ್ರಾಂ ತೂಕದ ಮಗು ನಡುಗೆರೆಯಿಂದ ಅರ್ಧ ಮೀಟರು ದೂರ ಕುಳಿತರೆ ಅದರ ಪ್ರತಿಪರಿಣಾಮ ೧೭೫. ಮಗು ನಿಶ್ಚಿಂತೆಯಿಂದ ಇರಬಹುದು.

ಆದರೆ ಗಾಳಿಯ ಬಲವು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಆಷಾಢದ ಗಾಳಿ ಭರ್ರನೆ ಎದ್ದು ವೇಗ ೧೦ ಮೀಟರಾದರೆ ಬಲ ಇಮ್ಮಡಿಯಲ್ಲ, ನಾಲ್ಮಡಿ. ಮಗುಚುವ ಪರಿಣಾಮ ೩೦೦. ಈಗ ಮಗುವಿನ ಭಾರ ಸಾಲದು. ಆಗ ಮಾಡತಕ್ಕದ್ದು ಒಂದೇ: ಕೈಯಲ್ಲಿಯ ಹಗ್ಗವನ್ನು ಸಡಿಲ ಬಿಡುವುದು. ಹಾಯಿ ಗಾಳಿಗೆ ತೆರೆದುಕೊಂಡು ಬಡಿದಾಡುತ್ತದೆ, ಬಲ ಇಳಿಯುತ್ತದೆ, ದೋಣಿ ನೆಟ್ಟಗಾಗುತ್ತದೆ. ಹೆದರಿದ ಮಗು ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಕಲಿತ ಮಗು ಬಿಡುತ್ತದೆ. ಈ ಕಲಿಕೆಗೆ ಗುರುವೂ ಬೇಕು, ಕಾಲವೂ ಬೇಕು.

ನೀರಿನ ಮೇಲೆ ಸಮತೋಲ ತಪ್ಪುವುದು ಎಂಥ ಅನರ್ಥವೆಂಬುದನ್ನು ಹುಸೇನ್ ಸಾಗರವೇ ಒಮ್ಮೆ ತೋರಿಸಿತು. ೧೯೯೦ರಲ್ಲಿ ಬುದ್ಧನ ಭಾರಿ ಕಲ್ಲಿನ ವಿಗ್ರಹವನ್ನು ಸಾಗಿಸುತ್ತಿದ್ದಾಗ ಅವಘಡವಾಗಿ ವಿಗ್ರಹ ಸಾಗರದ ತಳ ಸೇರಿತು, ಹಲವರು ಪ್ರಾಣ ಕಳೆದುಕೊಂಡರು. ವಿಗ್ರಹವನ್ನು ಮೇಲೆತ್ತಿ ನಿಲ್ಲಿಸಿದ್ದು ೧೯೯೨ರಲ್ಲಿ. ಆದುದರಿಂದಲೇ ದೋಣಿ ಕಲಿಯುವ ಪ್ರತಿ ಮಗುವಿನ ಮೈಮೇಲೆ ಲೈಫ್ ಜಾಕೆಟ್ ಇರಲೇಬೇಕು. ನಮ್ಮ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹು ಸಮೀಪ. ಐದು ಲೀಟರು ನೀರನ್ನು ಸರಿಸಬಲ್ಲ ಹಗುರ ಜಾಕೆಟ್ ಸುಮಾರು ೫೦ ನ್ಯೂಟನ್ ಮೇಲೊತ್ತಡವನ್ನು ಕೊಟ್ಟು, ಈಜು ಬಲ್ಲ ಮಗುವಿನ ತಲೆಯನ್ನು ನೀರಿನ ಮೇಲಿಡಲು ನೆರವಾಗುತ್ತದೆ.

ದೋಣಿ ಯಾರದು?

ಈಗ ಎರಡನೆಯ ಪ್ರಶ್ನೆ. ಮಕ್ಕಳು ನಡೆಸುವ ಈ ದೋಣಿಯ ಹೆಸರು ‘ಆಪ್ಟಿಮಿಸ್ಟ್’. ಉದ್ದ ಸುಮಾರು ೨.೩ ಮೀಟರು, ತೂಕ ೩೫ ಕಿಲೋಗ್ರಾಂ. ಇದರ ಹುಟ್ಟಿನ ಕಥೆಯಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ೧೯೪೭ರಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ ಆಪ್ಟಿಮಿಸ್ಟ್ ಕ್ಲಬ್ ಎಂಬ ಸೇವಾಸಂಸ್ಥೆಯವರು ಮಕ್ಕಳಿಗಾಗಿ ಅಗ್ಗದ ದೋಣಿಯೊಂದು ಬೇಕೆಂದು ಯೋಚಿಸಿದರು. ಕ್ಲಾರ್ಕ್ ಮಿಲ್ಸ್ ಎಂಬ ದೋಣಿಗಾರನು ಎಂಟಡಿ ಉದ್ದ ನಾಲ್ಕಡಿ ಅಗಲದ ಎರಡು ಪ್ಲೈವುಡ್ ಹಾಳೆಗಳಿಂದ, ಐವತ್ತು ಡಾಲರಿನೊಳಗೆ ಮುಗಿಯುವಂತೆ ಇದನ್ನು ರೂಪಿಸಿಕೊಟ್ಟನು. ಊರಿನ ವರ್ತಕರು ಒಬ್ಬೊಬ್ಬರು ಒಂದೊಂದು ದೋಣಿಯ ವೆಚ್ಚವನ್ನು ವಹಿಸಿಕೊಂಡರು. ೧೯೫೪ರಲ್ಲಿ ದೋಣಿ ಡೆನ್ಮಾರ್ಕಿಗೆ ಹೋಯಿತು. ಇಂದು ನೂರಕ್ಕೂ ಹೆಚ್ಚು ದೇಶಗಳ ಮಕ್ಕಳು ಹದಿನೈದು ವರ್ಷದವರೆಗೆ ಇದರಲ್ಲಿಯೇ ಕಲಿಯುತ್ತಾರೆ.

ಹುಸೇನ್ ಸಾಗರದಲ್ಲಿ ಸೈನ್ಯದವರು ಹಿಂದಿನಿಂದಲೂ ಹಾಯಿಪಂದ್ಯಗಳನ್ನು ನಡೆಸುತ್ತ ಬಂದಿದ್ದಾರೆ. ಸುಹೇಮ್ ಶೇಖ್ ಅವರು ಸ್ಥಾಪಿಸಿದ ಯಾಟ್ ಕ್ಲಬ್ ಆಫ್ ಹೈದರಾಬಾದ್, ಬಡ ಕುಟುಂಬಗಳ ಮಕ್ಕಳನ್ನೂ ದೋಣಿಗೆ ಹತ್ತಿಸಿತು. ದಾನಿಗಳ ನೆರವಿನಿಂದ ಅಲ್ಲಿ ಕಲಿತ ಮಕ್ಕಳು ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪದಕ ಗಳಿಸಿದ್ದಾರೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಇಂಜಿನಿಯರ್ ಗ್ರೂಪಿನ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. ಸೈನ್ಯದ ಇಂಜಿನಿಯರುಗಳು ೧೯೮೫-೮೭ರಲ್ಲಿ ಭೂಪ್ರದಕ್ಷಿಣೆ ಮಾಡಿದ ಹಾಯಿನೌಕೆಯ ಹೆಸರೂ ‘ತೃಷ್ಣಾ’ ಎಂದೇ. ಸಮುದ್ರವಿಲ್ಲದ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು ನೇಹಾ ಠಾಕೂರ್, ಭೋಪಾಲಿನ ದೊಡ್ಡ ಕೆರೆಯಲ್ಲಿ ಕಲಿತು, ೨೦೨೩ರ ಸೆಪ್ಟೆಂಬರಿನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿಯ ಪದಕ ಪಡೆದಳು. ಕರಾವಳಿಯೇ ಬೇಕೆಂಬ ನಿಯಮವಿಲ್ಲವೆಂದಾಯಿತು.

ಒಂದು ಲೆಕ್ಕವನ್ನು ಗಮನಿಸಿರಿ. ಹತ್ತು ದೋಣಿಗಳನ್ನು ಹತ್ತು ಮನೆಗಳು ಕೊಂಡರೆ ಕಲಿಯುವವರು ಹತ್ತು ಮಕ್ಕಳು. ಅದೇ ಹತ್ತು ದೋಣಿಗಳನ್ನು ಸಂಘವೊಂದು ವಾರಕ್ಕೆ ಆರು ದಿನ ನಡೆಸಿ, ಪ್ರತಿ ಮಗುವಿಗೆ ಎರಡು ಸರದಿ ಕೊಟ್ಟರೆ ಮೂವತ್ತು ಮಕ್ಕಳು ಕಲಿಯುತ್ತಾರೆ. ದೋಣಿ ಕೊಟ್ಟಮಾತ್ರಕ್ಕೆ ಕೆಲಸ ಮುಗಿಯದು. ಹಾಯಿ ಹರಿಯುತ್ತದೆ, ಹಗ್ಗ ಸವೆಯುತ್ತದೆ, ಜಾಕೆಟ್ಟುಗಳು ಹಳತಾಗುತ್ತವೆ; ಮಕ್ಕಳ ಹಿಂದೆಯೇ ಯಂತ್ರದ ರಕ್ಷಣಾದೋಣಿಯೊಂದು ಇರಬೇಕು, ಅದಕ್ಕೆ ಇಂಧನ ಬೇಕು. ಉದ್ಘಾಟನೆಯ ದಿನದ ದೊಡ್ಡ ಕಾಣಿಕೆಗಿಂತ ವರ್ಷವರ್ಷವೂ ತಪ್ಪದೆ ಬರುವ ಸಣ್ಣ ವಂತಿಗೆ ಇಂಥ ಸಂಘವನ್ನು ಹೆಚ್ಚು ಕಾಲ ಉಳಿಸುತ್ತದೆ.

ನಮ್ಮ ಸೀಮೆಯ ನೀರು

ಇದೆಲ್ಲವೂ ನಮಗೇಕೆ ಎನ್ನುವವರುಂಟು. ನಮ್ಮಲ್ಲಿ ನೀರಿಲ್ಲವೆಂಬುದು ಅರ್ಧ ಸತ್ಯ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಪಕ್ಕದಲ್ಲಿಯೇ ಹರಿಯುವ ಕಾಗಿಣಾ ಮುಂದೆ ಭೀಮೆಯನ್ನು ಸೇರುತ್ತದೆ. ಚಿಂಚೋಳಿಯಲ್ಲಿ ಮುಲ್ಲಾಮಾರಿ ನದಿಯೂ ಚಂದ್ರಂಪಳ್ಳಿಯ ಜಲಾಶಯವೂ ಇವೆ. ಇವಲ್ಲದೆ ಶಹಾಬಾದ್, ವಾಡಿ, ಸೇಡಂಗಳ ಸುತ್ತ ಹಾಸುಗಲ್ಲು ತೆಗೆದು ಬಿಟ್ಟ ಗಣಿಗಳಲ್ಲಿ ಮಳೆಯ ನೀರು ನಿಲ್ಲುತ್ತದೆ. ಬೇಸಗೆಯ ಮಧ್ಯಾಹ್ನ ಹುಡುಗರು ಇಳಿಯುವುದು ಇಂಥ ನೀರಿಗೇ.

ಇಲ್ಲಿ ಭೌತಶಾಸ್ತ್ರ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ನೀರಿನ ವಕ್ರೀಭವನಾಂಕ ಸುಮಾರು ೪/೩. ಆದುದರಿಂದ ನಾಲ್ಕು ಮೀಟರು ಆಳದ ನೀರು ಮೇಲಿನಿಂದ ನೇರವಾಗಿ ನೋಡುವವನಿಗೆ ಮೂರೇ ಮೀಟರಾಗಿ ತೋರುತ್ತದೆ; ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ತಿಳಿನೀರಿನ ಗಣಿ ಹೀಗೆ ಕಣ್ಣಿಗೆ ಮೋಸ ಮಾಡುತ್ತದೆ. ಅದರ ಗೋಡೆಗಳು ಕಡಿದಾದವು. ದಣಿದವನಿಗೆ ಕಾಲೂರಲು ಮೆಟ್ಟಿಲಿಲ್ಲ, ಕೈಹಿಡಿಯಲು ಆಸರೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆಯಂತೆ ೨೦೨೧ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು ೩ ಲಕ್ಷ. ಮಕ್ಕಳಿಗೆ ನೀರಿನಲ್ಲಿ ಪಾರಾಗುವ ಈಜನ್ನು ಕಲಿಸುವುದು ಇದಕ್ಕೆ ಮುಖ್ಯ ಪರಿಹಾರಗಳಲ್ಲಿ ಒಂದೆಂದು ಆ ಸಂಸ್ಥೆ ಹೇಳುತ್ತದೆ. ‘ನೀರಿನ ಹತ್ತಿರ ಹೋಗಬೇಡ’ ಎಂಬ ತಾಯಿಯ ಮಾತು ನ್ಯಾಯವಾದುದೇ. ಆದರೆ ಅವಳ ಕಣ್ಣು ತಪ್ಪಿದ ಗಳಿಗೆಯಲ್ಲಿ ಮಗುವನ್ನು ಕಾಯಬಲ್ಲದ್ದು ಅದು ಮೊದಲೇ ಕಲಿತ ವಿದ್ಯೆ.

ನಾಳೆಯೇ ಪ್ರತಿ ತಾಲ್ಲೂಕಿನಲ್ಲಿ ಹಾಯಿದೋಣಿಯ ಸಂಘ ಏಳಬೇಕೆಂದು ನಾವು ಹೇಳುವುದಿಲ್ಲ. ಗಣಿಯ ನೀರು ಇದಕ್ಕೆ ಎಂದೂ ತಕ್ಕುದಲ್ಲ. ಆ ಕುಳಿಯೊಳಗೆ ನೆಲೆಯಾದ ಗಾಳಿಯೂ ಬೀಸದು. ಬೇಕಾದುದು ಬಯಲಿನ ಜಲಾಶಯ. ಚಂದ್ರಂಪಳ್ಳಿಯಂಥಲ್ಲಿ ವನ್ಯಧಾಮವಿರುವುದರಿಂದ ನೀರಾವರಿ ಇಲಾಖೆಯದಲ್ಲದೆ ಅರಣ್ಯ ಇಲಾಖೆಯ ಒಪ್ಪಿಗೆಯೂ ಬೇಕು. ಮೀನು ಹಿಡಿಯುವವರೊಡನೆ ಮಾತಾಗಬೇಕು. ತಂದೆತಾಯಿಗಳ ಮನಸ್ಸು ಒಪ್ಪಬೇಕು. ಮೊದಲ ಮೆಟ್ಟಿಲು ಈಜು. ಆಳ ತಿಳಿದ, ಕಾವಲಿರುವ ನೀರಿನಲ್ಲಿ, ಬಲ್ಲವರ ಕೈಕೆಳಗೆ ಐದಾರು ಊರಿನ ಮಕ್ಕಳು ಈಜು ಕಲಿತ ಮೇಲೆ ಒಂದೆರಡು ದೋಣಿಗಳ ಮಾತು ಎತ್ತಬಹುದು.

ನಮ್ಮ ವಿದ್ಯಾರ್ಥಿಗೆ ನಾವು ಕೊಟ್ಟ ಉತ್ತರ ಇಷ್ಟು. ದೋಣಿಯನ್ನು ಎದುರುಗಾಳಿಯಲ್ಲಿ ನಡೆಸುವುದು ಮಗುವೇ. ಹಾಯಿಯಂತೆ ಅದು ಎಲ್ಲರಿಗೂ ಕಾಣುತ್ತದೆ. ಆದರೆ ನೀರಿನೊಳಗಿನ ಹಲಗೆಯಿಲ್ಲದೆ ಹಾಯಿ ಏನೂ ಮಾಡಲಾರದು. ದೋಣಿ ಕೊಟ್ಟ ವರ್ತಕ, ಸವೆದ ಹಗ್ಗ ಬದಲಿಸುವ ಕೈ, ರಕ್ಷಣಾದೋಣಿಯಲ್ಲಿ ಬಿಸಿಲಿಗೆ ಕುಳಿತ ಗುರು, ದಡದಲ್ಲಿ ಕಾಯುವ ತಾಯಿ, ಇವರೆಲ್ಲರೂ ಆ ಹಲಗೆ. ಮರುದಿನ ಆ ಹುಡುಗನು ಮತ್ತೆ ಬಂದು, ನಮ್ಮ ಊರಿನಲ್ಲಿ ಈಜು ಕಲಿಸುವವರು ಯಾರಿದ್ದಾರೆಂದು ಕೇಳಿದನು. ಮೂರನೆಯ ಈ ಪ್ರಶ್ನೆಯನ್ನು ನಾವು ವಾಚಕರ ಮುಂದೆಯೂ ಇಡುತ್ತೇವೆ.