ಹಡಗಿನ ಜೂಜು ಮತ್ತು ನಿದ್ರೆಯಿಲ್ಲದ ರಾತ್ರಿಗಳು

ಮೂರು ವರ್ಷಗಳ ಹಿಂದೆ ಬೀಜ-ಗೊಬ್ಬರದ ಅಂಗಡಿಯ ಮಾಲೀಕರೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು ನಲವತ್ತಾರು. ಎದೆಯುರಿ, ಹುಳಿತೇಗು, ರಾತ್ರಿ ನಿದ್ರೆಯಿಲ್ಲ, ಬೆಳಿಗ್ಗೆ ತಲೆಭಾರ. ನಾಡಿ ನೋಡಿದೆ, ನಾಲಗೆ ನೋಡಿದೆ, ಊಟದ ವಿವರ ಕೇಳಿದೆ. ಅಮ್ಲಪಿತ್ತವೆಂದು ನಿರ್ಧರಿಸಿ ಅವಿಪತ್ತಿಕರ ಚೂರ್ಣವನ್ನೂ, ನಿದ್ರೆಗಾಗಿ ಹಾಲಿನೊಡನೆ ಅಶ್ವಗಂಧವನ್ನೂ ಕೊಟ್ಟು, ಖಾರ ಮತ್ತು ಚಹಾ ಕಡಿಮೆ ಮಾಡಲು ಹೇಳಿ ಕಳುಹಿಸಿದೆ. ಹದಿನೈದು ದಿನ ಗುಣ, ಮತ್ತೆ ಮೊದಲಿನ ಸ್ಥಿತಿ. ಹೀಗೆ ಏಳು ತಿಂಗಳು ಕಳೆದವು. ಔಷಧ ಬದಲಿಸಿದೆ, ಪಥ್ಯ ಬಿಗಿಗೊಳಿಸಿದೆ, ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ವರದಿಗಳಲ್ಲಿ ದೋಷವೇನೂ ಇರಲಿಲ್ಲ.

ಎಂಟನೆಯ ತಿಂಗಳಲ್ಲಿ ಅವರ ಪತ್ನಿ ಒಬ್ಬರೇ ಬಂದರು. ಉಳಿದ ರೋಗಿಗಳೆಲ್ಲ ಹೋಗುವವರೆಗೆ ಹೊರಗಿನ ಬೆಂಚಿನ ಮೇಲೆ ಕಾದು ಕುಳಿತು, ಒಳಗೆ ಬಂದವರೇ ಹೇಳಿದರು: “ಇವರ್ದು ಹೊಟ್ಟಿ ಬ್ಯಾನಿ ಅಲ್ಲರಿ ಡಾಕ್ಟರ್ರ, ಹಡಗಿನ ಬ್ಯಾನಿ.”

ರೋಗಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಮತ್ತು ಅವರ ಪತ್ನಿಯ ಒಪ್ಪಿಗೆಯಿದೆ. ಮೂವತ್ತೆಂಟು ವರ್ಷಗಳಿಂದ ರೋಗಿಗಳನ್ನು ನೋಡುತ್ತಿರುವ ನಾನು ಬೀಡಿ, ಗುಟ್ಕಾ, ಮದ್ಯದ ಬಗೆಗೆ ಎಲ್ಲರನ್ನೂ ಕೇಳುತ್ತೇನೆ. ‘ಜೂಜಾಡುತ್ತೀರಾ?’ ಎಂದು ಅಂದಿನವರೆಗೆ ಯಾರನ್ನೂ ಕೇಳಿರಲಿಲ್ಲ. ಆ ಒಂದು ಪ್ರಶ್ನೆ ಕೇಳದೆ ಏಳು ತಿಂಗಳು ಚೂರ್ಣ ಕೊಟ್ಟ ತಪ್ಪು ನನ್ನದು.

ಅವರ ಕಥೆ ಆರಂಭವಾದದ್ದು ಬಹುಮಾನದಿಂದ. ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನು ಕಂಪನಿಗಳು ಪ್ರವಾಸಕ್ಕೆ ಕರೆದೊಯ್ಯುವುದು ಈಗ ನಮ್ಮ ಕಡೆ ಸಾಮಾನ್ಯ. ಇವರಿಗೆ ದೊರೆತದ್ದು ಸಿಂಗಾಪುರದಿಂದ ಹೊರಡುವ ಮೂರು ರಾತ್ರಿಗಳ ಹಡಗಿನ ಪ್ರವಾಸ. ಮೊದಲ ರಾತ್ರಿ ಊಟವಾದ ಮೇಲೆ ಸಂಗಡಿಗರೊಡನೆ ‘ಸುಮ್ಮನೆ ನೋಡಿ ಬರೋಣ’ ಎಂದು ಕ್ಯಾಸಿನೊದ ಒಳಗೆ ಹೋದರು. ಎರಡು ಗಂಟೆಯಲ್ಲಿ ನಮ್ಮ ಲೆಕ್ಕದ ನಲವತ್ತು ಸಾವಿರ ರೂಪಾಯಿ ಗೆದ್ದರು. ಅವರ ಬದುಕಿನಲ್ಲಿ ನಡೆದ ಅತ್ಯಂತ ಕೆಟ್ಟ ಸಂಗತಿ ಆ ಗೆಲುವೇ ಎಂದು ಇಂದು ಅವರೇ ಹೇಳುತ್ತಾರೆ. ಮೊದಲ ದಿನವೇ ಸೋತವನು ಬೈದುಕೊಂಡು ಹೊರಬರುತ್ತಾನೆ. ಮೊದಲ ದಿನ ಗೆದ್ದವನಿಗೆ ಆ ಕೋಣೆ ತನ್ನದೆನಿಸತೊಡಗುತ್ತದೆ.

ಇಂಥ ಹಡಗುಗಳ ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಕರಾವಳಿಯಿಂದ 12 ನಾಟಿಕಲ್ ಮೈಲಿ, ಎಂದರೆ ಸುಮಾರು 22 ಕಿಲೋಮೀಟರಿನವರೆಗಿನ ಸಮುದ್ರ ಆಯಾ ದೇಶಕ್ಕೆ ಸೇರಿದ್ದು. ಅದನ್ನು ದಾಟಿದ ಮೇಲೆ ಹಡಗು ಯಾವ ದೇಶದ ಬಾವುಟ ಹಾರಿಸುತ್ತದೆಯೋ ಆ ದೇಶದ ಕಾನೂನು ಅದಕ್ಕೆ ಅನ್ವಯ. ಆದ್ದರಿಂದಲೇ ಅನೇಕ ಹಡಗುಗಳಲ್ಲಿ ಬಂದರಿನಲ್ಲಿರುವಾಗ ಮುಚ್ಚಿರುವ ಜೂಜಿನ ಕೋಣೆ, ಹಡಗು ನಡುಸಮುದ್ರಕ್ಕೆ ಹೋದ ಕೂಡಲೇ ತೆರೆಯುತ್ತದೆ. ಸಾಮಾನ್ಯವಾಗಿ ಅಲ್ಲಿ ಕಿಟಕಿಯಿಲ್ಲ, ಗೋಡೆಯ ಗಡಿಯಾರವಿಲ್ಲ. ಕೋಣೆಯ ಬಾಗಿಲು ತೆರೆಯುವ ಕಾರ್ಡೇ ಹಣದ ಚೀಲವೂ ಆಗಿರುವುದುಂಟು. ನೋಟು ಎಣಿಸಿ ಕೊಡುವಾಗ ಕೈಗೆ ಆಗುವ ಸಂಕಟ ಕಾರ್ಡು ತಾಗಿಸುವಾಗ ಆಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎದ್ದು ಮನೆಗೆ ಹೋಗೋಣವೆಂದರೆ ಸುತ್ತಲೂ ನೀರು. ನಮ್ಮೂರ ಇಸ್ಪೀಟಿನ ಅಡ್ಡೆಯಲ್ಲಾದರೂ ಬೆಳಗಾಗುತ್ತದೆ, ಹೆಂಡತಿಯೋ ಅಣ್ಣನೋ ಹುಡುಕಿಕೊಂಡು ಬರುತ್ತಾರೆ.

ಊರಿಗೆ ಮರಳಿದ ಮೇಲೆ ಅವರಿಗೆ ಸಿಂಗಾಪುರ ಬೇಕಾಗಲಿಲ್ಲ. ಚೋರ್ಲಾ ಘಟ್ಟ ಇಳಿದರೆ ನಾಲ್ಕೈದು ಗಂಟೆಯ ದಾರಿಯಲ್ಲಿ ಪಣಜಿ. ಗೋವಾದ ಜೂಜು ನಿಷೇಧ ಕಾಯಿದೆ 1976ರದು. 1992ರಲ್ಲಿ ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೂ, 1996ರಲ್ಲಿ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೂ ಅದರಲ್ಲಿ ದಾರಿ ಮಾಡಿಕೊಡಲಾಯಿತು. ಹೀಗಾಗಿ ಮಾಂಡವಿ ನದಿಯಲ್ಲಿ ಲಂಗರು ಹಾಕಿದ, ಎಲ್ಲಿಗೂ ಪ್ರಯಾಣ ಮಾಡದ ಹಡಗುಗಳು ನಿಂತಿವೆ. ನಾನು ಪಣಜಿಯ ದಂಡೆಯಲ್ಲಿ ನಿಂತು ನೋಡಿದ್ದೇನೆ. ಸಂಜೆಯಾಗುತ್ತಲೇ ದೀಪಗಳಿಂದ ಜಾತ್ರೆಯ ತೇರಿನಂತೆ ಕಾಣುತ್ತವೆ. ದೋಣಿಯಲ್ಲಿ ಕೂರಿಸಿ ಕರೆದೊಯ್ಯುತ್ತಾರೆ. ಪ್ರವೇಶದ ಹಣದಲ್ಲಿಯೇ ಊಟ, ಕುಡಿತ, ಹಾಡು-ಕುಣಿತ ಎಲ್ಲವೂ ಸೇರಿರುತ್ತವೆ. 2020ರ ಫೆಬ್ರುವರಿಯಿಂದ ಗೋವಾ ಸರ್ಕಾರ ತನ್ನ ರಾಜ್ಯದವರು ಈ ಕ್ಯಾಸಿನೊಗಳಿಗೆ ಆಡಲು ಹೋಗುವುದನ್ನು ನಿಷೇಧಿಸಿತು. ತನ್ನ ಮನೆಯ ಮಕ್ಕಳಿಗೆ ಬೇಡವಾದ ಊಟವನ್ನು ನೆರೆಮನೆಯವರಿಗೆ ಬಡಿಸುವ ಈ ನೀತಿಯ ಬಗೆಗೆ ಓದುಗರೇ ಯೋಚಿಸಬೇಕು.

ನಮ್ಮ ರೋಗಿಯ ಮೆಚ್ಚಿನ ಆಟ ರೂಲೆಟ್, ಎಂದರೆ ತಿರುಗುವ ಗಾಲಿಯ ಮೇಲೆ ಉರುಳುವ ಗುಂಡು. ಗಾಲಿಯಲ್ಲಿ 1ರಿಂದ 36ರವರೆಗೆ ಅಂಕಿಗಳು, ಜೊತೆಗೆ ಒಂದು ಸೊನ್ನೆ. ಒಟ್ಟು 37 ಮನೆಗಳು. ಪ್ರತಿ ಮನೆಯ ಮೇಲೂ ನೂರು ರೂಪಾಯಿ ಇಟ್ಟರೆ ನೀವಿಟ್ಟದ್ದು 3,700. ಯಾವುದಾದರೂ ಒಂದು ಮನೆ ಗೆದ್ದೇ ಗೆಲ್ಲುತ್ತದೆ, ಆದರೆ ಮರಳಿ ಬರುವುದು 3,600. ಆ ನೂರು ರೂಪಾಯಿಯಲ್ಲೇ ಹಡಗಿನ ದೀಪ, ಊಟ, ಸಂಗೀತ ಎಲ್ಲವೂ ನಡೆಯುತ್ತವೆ. ಎರಡು ಸೊನ್ನೆಗಳಿರುವ ಗಾಲಿಗಳೂ ಉಂಟು. ಅಲ್ಲಿ 3,800 ಇಟ್ಟರೂ ಬರುವುದು ಅದೇ 3,600. ಇದರಲ್ಲಿ ಮೋಸವೇನೂ ಇಲ್ಲ. ಪ್ರಾಮಾಣಿಕವಾಗಿ ನಡೆದರೂ ಆಟದ ಲೆಕ್ಕವೇ ಹೀಗಿದೆ.

‘ನೂರಕ್ಕೆ ಎರಡೂ ಮುಕ್ಕಾಲು ಹೋದರೆ ಮನೆ ಮುಳುಗುತ್ತದೆಯೇ?’ ಎಂದು ಕೇಳಬಹುದು. ಮುಳುಗಿಸುವುದು ಹೋದ ಹಣವನ್ನು ಹಿಂದೆ ತರುವ ಹಠ. ಇವರು ಕೆಂಪು ಬಣ್ಣದ ಮೇಲೆ 500 ಇಡುತ್ತಿದ್ದರು. ಸೋತರೆ ಸಾವಿರ, ಮತ್ತೆ ಸೋತರೆ ಎರಡು ಸಾವಿರ, ಹೀಗೆ ಇಮ್ಮಡಿ ಮಾಡುತ್ತ ಹೋದರೆ ಎಂದಾದರೂ ಗೆಲ್ಲಲೇಬೇಕು ಎಂಬುದು ಅವರ ಲೆಕ್ಕ. ಸಾಲಾಗಿ ಏಳು ಬಾರಿ ಸೋತರೆ ಹೋದದ್ದು 63,500; ಎಂಟನೆಯ ಬಾರಿ ಇಡಬೇಕಾದದ್ದು 64,000; ಗೆದ್ದರೆ ಲಾಭ ಬರೇ 500. ಅಷ್ಟು ಹೊತ್ತಿಗೆ ಮೇಜಿನ ಗರಿಷ್ಠ ಮಿತಿಯೋ ಜೇಬಿನ ಮಿತಿಯೋ ಅಡ್ಡ ಬರುತ್ತದೆ. ಏಳು ಸೋಲು ಸಾಲಾಗಿ ಬರುವುದು ಅಪರೂಪವೆಂದು ತೋರುತ್ತದೆ, ನೂರಕ್ಕೆ ಸುಮಾರು ಒಂದು ಸಲ. ಆದರೆ ಗಂಟೆಗೆ ಮೂವತ್ತರಂತೆ ಆರು ಗಂಟೆಯಲ್ಲಿ ಗಾಲಿ ನೂರೆಂಬತ್ತು ಬಾರಿ ತಿರುಗಿದರೆ, ಅಂಥದೊಂದು ಸಾಲು ಬರುವ ಸಂಭವ ಸುಮಾರು ಅರ್ಧದಷ್ಟು. ಗೊಬ್ಬರದ ಬಿಲ್ಲಿನಲ್ಲಿ ಒಂದು ರೂಪಾಯಿ ತಪ್ಪಿದರೂ ಹಿಡಿಯುವ ಮನುಷ್ಯ ಈ ಲೆಕ್ಕವನ್ನು ಎರಡು ವರ್ಷ ಮಾಡಲಿಲ್ಲ.

ಏಕೆ ಮಾಡಲಿಲ್ಲ ಎಂಬುದು ವೈದ್ಯಕೀಯ ಪ್ರಶ್ನೆ. 2009ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು ‘ನ್ಯೂರಾನ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೂದಲೆಳೆಯಲ್ಲಿ ಗೆಲುವು ತಪ್ಪಿದಾಗ, ನಿಜವಾಗಿ ಗೆದ್ದಾಗ ಚುರುಕಾಗುವ ಮಿದುಳಿನ ಭಾಗಗಳೇ ಚುರುಕಾಗುತ್ತವೆ; ಮತ್ತೆ ಆಡುವ ಆಸೆ ಹೆಚ್ಚುತ್ತದೆ. ಅಂದರೆ ಪಕ್ಕದ ಮನೆಯಲ್ಲಿ ಬಿದ್ದ ಗುಂಡನ್ನು ಮಿದುಳು ಸೋಲೆಂದು ಒಪ್ಪುವುದಿಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯದ ಕೈಪಿಡಿಯಲ್ಲಿ ಜೂಜಿನ ವ್ಯಸನವನ್ನು ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನದ ಅಧ್ಯಾಯಕ್ಕೇ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿಯೂ ಇದು ರೋಗ.

ನಮ್ಮ ಚರಕ ಸಂಹಿತೆ ಇದನ್ನು ಇನ್ನೊಂದು ಬಗೆಯಲ್ಲಿ ನೋಡಲು ಕಲಿಸುತ್ತದೆ. ಅದರ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ತಡೆಯಬಾರದ ಹದಿಮೂರು ವೇಗಗಳನ್ನು ಹೇಳಿದೆ: ಮಲ, ಮೂತ್ರ, ಹಸಿವು, ಬಾಯಾರಿಕೆ, ಆಕಳಿಕೆ, ನಿದ್ರೆ ಮೊದಲಾದವು. ಅಲ್ಲಿಯೇ ತಡೆಯಲೇಬೇಕಾದ ವೇಗಗಳನ್ನೂ ಹೇಳಿದೆ: ಲೋಭ, ಶೋಕ, ಭಯ, ಕ್ರೋಧ ಮೊದಲಾದವು. ನನ್ನ ರೋಗಿ ರಾತ್ರಿ ಒಂಬತ್ತಕ್ಕೆ ಕುಳಿತರೆ ಬೆಳಗಿನ ಜಾವ ನಾಲ್ಕರವರೆಗೆ ಮೂತ್ರಕ್ಕೂ ಏಳುತ್ತಿರಲಿಲ್ಲವಂತೆ. ಎದ್ದರೆ ಅದೃಷ್ಟ ತಪ್ಪುತ್ತದೆಂಬ ಭಯ. ಹಸಿವನ್ನು ಮರೆತು ಖಾಲಿ ಹೊಟ್ಟೆಗೆ ಮದ್ಯ, ನಡುವೆ ಕರಿದ ತಿಂಡಿ. ಬಿಡಬೇಕಾದುದನ್ನು ತಡೆಹಿಡಿದು, ತಡೆಯಬೇಕಾದುದನ್ನು ಹರಿಯಬಿಡುವಂತೆ ಆ ಇಡೀ ಹಡಗನ್ನು ಕಟ್ಟಲಾಗಿದೆ. ರಾತ್ರಿಯ ಜಾಗರಣೆ ದೇಹವನ್ನು ಒಣಗಿಸಿ ವಾತವನ್ನು ಕೆರಳಿಸುತ್ತದೆ. ಮದ್ಯ, ಕರಿದದ್ದು, ಕಳವಳ ಪಿತ್ತವನ್ನು ಕೆಡಿಸುತ್ತವೆ. ಎದೆಯುರಿ ನಿಜವಾಗಿಯೇ ಇತ್ತು. ನಾನು ಕೊಟ್ಟ ಚೂರ್ಣವೂ ಸರಿಯಾದದ್ದೇ. ಆದರೆ ಪ್ರತಿ ಹದಿನೈದು ದಿನಕ್ಕೊಮ್ಮೆ ಅವರು ಘಟ್ಟ ಇಳಿಯುತ್ತಿದ್ದರು.

ಇಲ್ಲೊಂದು ಮಾತು ನೆನಪಾಗುತ್ತದೆ. ತ್ರಿಫಲೆಯಲ್ಲಿ ಅಳಲೆಕಾಯಿ, ನೆಲ್ಲಿಕಾಯಿಯ ಜೊತೆ ಸೇರುವ ತಾರೆಕಾಯಿಗೆ ಸಂಸ್ಕೃತದಲ್ಲಿ ವಿಭೀತಕಿ ಎಂದೂ ಅಕ್ಷ ಎಂದೂ ಹೆಸರು. ವೇದಕಾಲದಲ್ಲಿ ಪಗಡೆಯ ದಾಳಗಳಾಗಿ ಬಳಕೆಯಾಗುತ್ತಿದ್ದದ್ದು ಈ ಕಾಯಿಗಳೇ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಸೋತ ಜೂಜುಗಾರನೊಬ್ಬ ತನ್ನ ಹೆಂಡತಿ ದೂರವಾದುದನ್ನು, ಸಾಲದಲ್ಲಿ ಸಿಲುಕಿದುದನ್ನು ಹೇಳಿಕೊಂಡು ಅಳುವ ಸೂಕ್ತವೇ ಇದೆ. ವಿದ್ಯಾರ್ಥಿಯಾಗಿದ್ದಾಗ ದ್ರವ್ಯಗುಣದ ಪಾಠದಲ್ಲಿ ಇದನ್ನು ಕೇಳಿ ನಕ್ಕಿದ್ದೆವು. ಔಷಧಿಯ ಡಬ್ಬದಲ್ಲಿರುವ ತಾರೆಕಾಯಿಯನ್ನು ಈಗ ನೋಡಿದಾಗ ಆ ಹೆಣ್ಣುಮಗಳು ಬೆಂಚಿನ ಮೇಲೆ ಕಾದು ಕುಳಿತದ್ದು ಕಣ್ಣಮುಂದೆ ಬರುತ್ತದೆ.

ಆಕೆಯ ಬಳೆಗಳು ಅಡವಿಗೆ ಹೋಗಿದ್ದವು. ಸಹಕಾರಿ ಸಂಘದಲ್ಲಿ ಸಾಲವಾಗಿತ್ತು. ಮಾವನವರು ಒಮ್ಮೆ ಆರು ಲಕ್ಷ ಕಟ್ಟಿ ಬಿಡಿಸಿದ್ದರು. ಅಂದು ಇವರು ಗದ್ದುಗೆ ಮುಟ್ಟಿ ಆಣೆ ಮಾಡಿದ್ದರು. ಐದು ವಾರಕ್ಕೆ ಆಣೆ ಮುರಿಯಿತು. ಸದ್ಭಕ್ತರು ನೊಂದುಕೊಳ್ಳಬಾರದು: ಮುರಿದದ್ದು ಭಕ್ತಿಯಿಲ್ಲದ್ದರಿಂದಲ್ಲ. ಜ್ವರ ಬಂದವನಿಂದ ಆಣೆ ಮಾಡಿಸಿಕೊಂಡರೆ ಜ್ವರ ಇಳಿಯುವುದಿಲ್ಲ. ಬುದ್ಧಿ, ಧೃತಿ, ಸ್ಮೃತಿ ಮೂರೂ ಜಾರಿದ ಸ್ಥಿತಿಯನ್ನು ಚರಕ ಪ್ರಜ್ಞಾಪರಾಧ ಎನ್ನುತ್ತಾನೆ. ತಪ್ಪು ಲೆಕ್ಕ ಸರಿಯೆಂದು ತೋರುತ್ತದೆ, ತಡೆಯುವ ಶಕ್ತಿ ಕುಂದುತ್ತದೆ, ಹಿಂದಿನ ಸೋಲು ನೆನಪಿಗೇ ಬರುವುದಿಲ್ಲ. ಆಣೆಯ ನಂತರ ಇವರಿಗೆ ಉಳಿದದ್ದು ಇನ್ನೊಂದು ನಾಚಿಕೆ, ಅದನ್ನು ಮುಚ್ಚಲು ಇನ್ನೊಂದು ಸುಳ್ಳು. ಒಂದು ಮುಂಜಾವು ಪಣಜಿಯಿಂದ ಹೊರಟವರು ದಾರಿಯಲ್ಲಿ ಕಾರು ನಿಲ್ಲಿಸಿ ಒಂದು ಗಂಟೆ ಕುಳಿತಿದ್ದರಂತೆ. ಮನೆಗೆ ಹೋಗುವುದೇ ಬೇಡವೆನಿಸಿತ್ತು. ಮಗಳ ಫೋನು ಬಂತು, ಶಾಲೆಯ ಬಸ್ಸು ತಪ್ಪಿದೆ ಎಂದು. ಇದನ್ನು ಅವರು ನನಗೆ ಹೇಳಿದ್ದು ಒಂದು ವರ್ಷದ ಮೇಲೆ.

ಆದ್ದರಿಂದ ಮನೆಯವರಿಗೆ ಹೇಳುವುದಿಷ್ಟು. ನಿದ್ರೆ ಕೆಟ್ಟಿದೆ, ಎದೆಯುರಿ ಇದೆ, ವಾರಾಂತ್ಯಕ್ಕೆ ಕಾರಣವಿಲ್ಲದ ಪ್ರಯಾಣ, ಫೋನನ್ನು ಬೋರಲಿಡುವ ಅಭ್ಯಾಸ, ಚಿಕ್ಕ ಮಾತಿಗೆ ಸಿಡುಕು, ಸಾಲಕ್ಕೆ ಹೊಂದದ ನೆಪ: ಇವು ಒಟ್ಟಿಗೆ ಕಂಡರೆ ಗದರಿಸದೆ ನೇರವಾಗಿ ಕೇಳಿ. ‘ಸಾಯಬೇಕು ಎನಿಸುತ್ತದೆಯೇ’ ಎಂದೂ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ಸಾಲವನ್ನು ಗುಟ್ಟಾಗಿ ತೀರಿಸಿ ಕೈತೊಳೆದುಕೊಳ್ಳಬೇಡಿ. ತೀರಿದ ಸಾಲ ಹೊಸ ಆಟಕ್ಕೆ ಬಂಡವಾಳವಾಗುತ್ತದೆ. ಬ್ಯಾಂಕಿನ ವ್ಯವಹಾರ ಕೆಲಕಾಲ ಇನ್ನೊಬ್ಬರ ಕೈಯಲ್ಲಿರಲಿ.

ನಾನು ಇವರನ್ನು ಧಾರವಾಡದ ಡಿಮ್ಹಾನ್ಸ್‌ಗೆ ಕಳುಹಿಸಿದೆ. ಬೆಂಗಳೂರಿನ ಕಡೆಯವರಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವಿದೆ. ಆಯುರ್ವೇದದಲ್ಲಿ ಸತ್ತ್ವಾವಜಯವೆಂಬ ಚಿಕಿತ್ಸೆಯಿದೆ, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂತೆಗೆಯುವುದು; ಇಂದಿನ ಆಪ್ತಸಮಾಲೋಚನೆ ಅದಕ್ಕೆ ಹತ್ತಿರದ್ದು. ಜೂಜು ಬಿಡಿಸುವ ಚೂರ್ಣವೆಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ನಿದ್ರೆ, ಜೀರ್ಣಶಕ್ತಿಗಳನ್ನು ಸರಿಪಡಿಸಲು ನನ್ನಂಥವರ ಔಷಧ ನೆರವಾಗಬಹುದು, ಅಷ್ಟೇ.

ಹಿರಿಯರಿರುವ ಮನೆಗಳಿಗೆ ಇನ್ನೊಂದು ಎಚ್ಚರಿಕೆ. ಪಾರ್ಕಿನ್ಸನ್ ಕಾಯಿಲೆಗೂ, ಕಾಲುಗಳ ಚಡಪಡಿಕೆಗೂ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಔಷಧಗಳಿಂದ ಕೆಲವರಲ್ಲಿ ಎಂದೂ ಇಲ್ಲದ ಜೂಜಿನ ಹಂಬಲ ಹುಟ್ಟುವುದುಂಟು. ಹಾಗೆ ಕಂಡರೆ ಮಾತ್ರೆಯನ್ನು ತಾವೇ ನಿಲ್ಲಿಸದೆ ಕೊಟ್ಟ ವೈದ್ಯರಿಗೆ ತಿಳಿಸಬೇಕು. ನಸುಗುನ್ನಿ ಬೀಜದಲ್ಲಿ ಲೀವೋಡೋಪಾ ಅಂಶವಿದೆ. ಇಂಥ ಮಾತ್ರೆಗಳ ಜೊತೆ ಅದರ ಚೂರ್ಣವನ್ನು ಸ್ವಂತ ನಿರ್ಧಾರದಿಂದ ಸೇವಿಸುವುದೂ ಬೇಡ.

ಚಿಕಿತ್ಸೆಯ ನಡುವೆ ನಮ್ಮ ರೋಗಿ ಒಮ್ಮೆ ಜಾರಿದರು. ಮರುದಿನವೇ ಬಂದು ತಾವಾಗಿಯೇ ಹೇಳಿದರು. ಆ ಬಳಿಕ ಹದಿನಾಲ್ಕು ತಿಂಗಳಾಗಿವೆ. ಸಂಘದ ಸಾಲ ಇನ್ನೂ ಅರ್ಧವಿದೆ, ಬಳೆಗಳಲ್ಲಿ ಎರಡು ಮರಳಿ ಬಂದಿವೆ. ಕಳೆದ ತಿಂಗಳು ಕಂಪನಿಯಿಂದ ಮತ್ತೆ ಪ್ರವಾಸದ ಆಹ್ವಾನ ಬಂದಿತ್ತು, ಮತ್ತೆ ಹಡಗು. ದಂಪತಿಗಳಿಬ್ಬರೂ ಆ ಪತ್ರವನ್ನು ತಂದು ನನ್ನ ಮೇಜಿನ ಮೇಲಿಟ್ಟರು. “ನಾ ಬರೂದಿಲ್ಲ, ಅದರ ಬದಲಿ ಬಿಲ್ಲಿನ್ಯಾಗ ರಿಯಾಯಿತಿ ಕೊಡ್ರಿ ಅಂತ ಬರದು ಕಳಿಸೇನ್ರಿ” ಎಂದರು. ಉತ್ತರ ಇನ್ನೂ ಬಂದಿರಲಿಲ್ಲ. ಎದೆಯುರಿ ಹೇಗಿದೆ ಎಂದು ಕೇಳಿದೆ. ಉತ್ತರಿಸಿದ್ದು ಪತ್ನಿ: “ಮಿರ್ಚಿ ತಿಂದ ದಿನ ಅಷ್ಟ ರೀ.”