‘ರೀಸೈಕಲ್ಡ್’ ಟೀ ಶರ್ಟೂ, ಅಜ್ಜಿಯ ಕೌದಿಯೂ

ಕೆಲವು ವರ್ಷಗಳ ಹಿಂದೆ ಒಂದು ಟೀ ಶರ್ಟ್ ಕೊಂಡೆ. ‘ಪ್ಲಾಸ್ಟಿಕ್ ಬಾಟಲಿಗಳಿಂದ ತಯಾರಾದದ್ದು’ ಅಂತ ಚೀಟಿ ಇತ್ತು. ಪರಿಸರ ಉಳಿಸಿದ ಖುಷಿಯಲ್ಲಿ ಇನ್ನೆರಡು ಆರ್ಡರ್ ಮಾಡಿದೆ. ಎಂಜಿನಿಯರಿಂಗ್ ಓದಿದ ತಲೆ ತಡವಾಗಿ ಕೇಳಿತು: ಹಳೆಯದಾದ ಮೇಲೆ ಇದು ಎಲ್ಲಿಗೆ ಹೋಗುತ್ತೆ?

ರೀಸೈಕಲ್ಡ್ ಪಾಲಿಯೆಸ್ಟರ್‌ನ ಬಹುಪಾಲು ಬರೋದು ಹಳೇ ಬಟ್ಟೆಯಿಂದಲ್ಲ, ಬಾಟಲಿಯಿಂದ. ಬಾಟಲಿಯನ್ನು ಮತ್ತೆ ಬಾಟಲಿ ಮಾಡಬಹುದು. ಅದೇ ಹತ್ತಿಯ ಜೊತೆ ಬೆರೆತು ಶರ್ಟ್ ಆದರೆ, ಎರಡನ್ನೂ ಬೇರ್ಪಡಿಸೋದು ಕಷ್ಟ, ದುಬಾರಿ. ಬರೀ ಹತ್ತಿಯಾದರೂ ಸಲೀಸಲ್ಲ. ಯಂತ್ರ ಬಟ್ಟೆಯನ್ನು ಚಿಂದಿ ಮಾಡುವಾಗ ನಾರು ಗಿಡ್ಡವಾಗುತ್ತೆ, ಗಿಡ್ಡ ನಾರಿನ ನೂಲು ಗಟ್ಟಿಯಿರಲ್ಲ. ಹಾಗಾಗಿಯೇ ಹರಿಯಾಣದ ಪಾಣಿಪತ್‌ಗೆ ದೇಶವಿದೇಶಗಳಿಂದ ಬರುವ ಹಳೇ ಬಟ್ಟೆಗಳು ಹೆಚ್ಚಾಗಿ ಕಂಬಳಿ, ಜಮಖಾನಗಳಾಗುತ್ತವೆ. ಅಂದರೆ ಇದು ವೃತ್ತವಲ್ಲ, ಇಳಿಜಾರು.

ಇಳಿಜಾರಾದರೆ, ನಿಧಾನವಾಗಿ ಇಳಿಯೋದೇ ಜಾಣತನ. ಅದು ನಮ್ಮಜ್ಜಿಗೆ ಗೊತ್ತಿತ್ತು. ಸವೆದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಕೈಯಲ್ಲಿ ಕೌದಿ ಹೊಲಿಯುತ್ತಿದ್ದಳು. ಈಗ ನಾನೂ ಕಾಲರ್ ತಿರುಗಿಸಿ ಹೊಲಿಸುತ್ತೇನೆ, ಗೆಳೆಯರ ಜೊತೆ ಬಟ್ಟೆ ಅದಲುಬದಲು ಮಾಡುತ್ತೇನೆ, ಹೊಸದನ್ನು ಅಪರೂಪಕ್ಕೆ ಕೊಳ್ಳುತ್ತೇನೆ.

ಇದನ್ನೇ ಜಂಬದಿಂದ ಹೇಳಿಕೊಂಡಾಗ, ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿರುವ ಕೆಳಮನೆಯ ಅಕ್ಕ ಕೇಳಿದರು: “ನೀವೆಲ್ಲ ಕೊಳ್ಳೋದು ನಿಲ್ಸಿದ್ರೆ ನಮ್ ಗತಿ ಏನು?”

ಸುಲಭದ ಉತ್ತರ ನನ್ನ ಬಳಿ ಇರಲಿಲ್ಲ. ಆದರೆ ಒಂದಂತೂ ಸ್ಪಷ್ಟ: ಬಟ್ಟೆ ಅಗ್ಗ ಆಗಿರೋದು ಅವರ ಕೂಲಿ ಕಡಿಮೆ ಇರೋದರಿಂದಲೂ ಹೌದು. ಕಡಿಮೆ ಕೊಳ್ಳೋಣ ಅನ್ನೋರು, ಹೊಲಿಯುವವರಿಗೆ ಹೆಚ್ಚು ಕೂಲಿ ಕೊಡಿ ಅಂತಲೂ ಕೇಳದಿದ್ದರೆ, ಪರಿಸರದ ಬಿಲ್ಲನ್ನು ಅವರ ಕೈಗೆ ಕೊಟ್ಟಂತೆ. ಜೊತೆಗೆ ಕಂಪನಿಗಳನ್ನೂ ಹೊಣೆ ಮಾಡಬೇಕು. ಫ್ರಾನ್ಸ್‌ನಲ್ಲಿ ಹಳೇ ಬಟ್ಟೆ ಸಂಗ್ರಹಿಸಿ ವಿಂಗಡಿಸುವ ಖರ್ಚಿಗೆ ಕಂಪನಿಗಳೇ ಹಣ ಕಟ್ಟಬೇಕು. 2023ರಿಂದ ಬಟ್ಟೆ ರಿಪೇರಿಗೂ ರಿಯಾಯಿತಿ ಸಿಗುತ್ತಿದೆ. ರಿಪೇರಿಯೂ ಟೈಲರ್ ಕೆಲಸವೇ ತಾನೆ? ನಮ್ಮಲ್ಲೂ ಇ-ತ್ಯಾಜ್ಯಕ್ಕೆ, ಪ್ಲಾಸ್ಟಿಕ್ ಪ್ಯಾಕೇಜಿಂಗ್‌ಗೆ ತಯಾರಕರೇ ಹೊಣೆ ಅನ್ನೋ ನಿಯಮವಿದೆ. ಬಟ್ಟೆಗೂ ಅಂಥದ್ದೇ ಬೇಕು.

ಇದೆಲ್ಲ ಆಗೋ ಮಾತಾ ಅಂತೀರಾ? 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮ ಬದಲಾವಣೆಯ ವಿರುದ್ಧ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ ಮಹಿಳೆಯರು ಬೀದಿಗಿಳಿದರು. ಕೇಂದ್ರ ಸರ್ಕಾರ ಹಿಂದೆ ಸರಿಯಿತು. ಬಟ್ಟೆಯ ಪ್ರಶ್ನೆಯನ್ನು ನಾವು ಕಪಾಟಿನಲ್ಲೇ ಮುಗಿಸೋದು ಬೇಡ; ಮುಂದಿನ ಸಲ ಆ ಹೆಣ್ಣುಮಕ್ಕಳು ಬೀದಿಗೆ ಬಂದಾಗ ಅವರ ಜೊತೆ ನಿಲ್ಲೋಣ.