ಲಕ್ಷದ ಇಯರ್‌ಫೋನು, ಬಗದಲ್‌ನ ಭಜನೆ ಪದ

ಒಂದು ಜೋಡಿ ಇಯರ್‌ಫೋನಿಗೆ ಲಕ್ಷ ರೂಪಾಯಿ ಅಂದರೆ ಬೀದರ್ ಸೀಮೆಯ ಬಗದಲ್‌ನಲ್ಲಿ ಕಟ್ಟೆಯ ಮೇಲೆ ಕೂತವರು ಮೊದಲು ನಗುತ್ತಾರೆ, ಆಮೇಲೆ ಲೆಕ್ಕ ಹಾಕುತ್ತಾರೆ. ಅಷ್ಟು ರೊಕ್ಕಕ್ಕೆ ಹಾಲು ಕರೆಯುವ ಎಮ್ಮೆ ಬರುತ್ತದಲ್ಲ! ಜರ್ಮನಿಯ ಸೆನ್‌ಹೈಸರ್ ಕಂಪನಿ 2021ರಲ್ಲಿ ಬಿಟ್ಟ ‘ಐಇ 900’ ಭಾರತದಲ್ಲಿ ಮಾರಾಟಕ್ಕೆ ಬಂದದ್ದು ಲಕ್ಷ ಮೀರಿದ ಬೆಲೆಗೆ. ಬೆರಳ ತುದಿಯಷ್ಟು ಅಲ್ಯೂಮಿನಿಯಂ ಗಟ್ಟಿಯನ್ನು ಕೊರೆದು ಮಾಡಿದ ಕವಚ, ಅದರೊಳಗೆ 7 ಮಿಲಿಮೀಟರಿನ ಒಂದೇ ಒಂದು ಪುಟ್ಟ ಸ್ಪೀಕರು. ಬೀದರಿನ ಮೊಬೈಲ್ ಅಂಗಡಿಗಳ ಮುಂದೆ ಗೊಂಚಲು ಗೊಂಚಲಾಗಿ ತೂಗುವ ಅಗ್ಗದ ಇಯರ್‌ಫೋನುಗಳಲ್ಲೂ ಇರುವುದು ಅದೇ ಜಾತಿಯ ಒಂದು ಸ್ಪೀಕರು. ಹಾಗಾದರೆ ಉಳಿದ ದುಡ್ಡು ಎಲ್ಲಿಗೆ ಹೋಯಿತು? ಅದರಲ್ಲಿ ಕಿವಿಗೆ ಬಂದದ್ದೆಷ್ಟು?

ಕೇಳುವ ಚಟದವರಿಗೆ ಈ ಸೀಮೆಯಲ್ಲಿ ಬರವಿಲ್ಲ. ರಾತ್ರಿಯಿಡೀ ನಡೆಯುವ ಭಜನೆ, ಮೊಹರಮ್ಮಿನ ಪದ, ಉರುಸಿನ ಕವ್ವಾಲಿ, ಭಾಲ್ಕಿ–ಔರಾದ್ ಕಡೆ ಹೋದರೆ ಮರಾಠಿ ಅಭಂಗ; ಇವೆಲ್ಲ ಈಗ ಒಂದೇ ಫೋನಿನಲ್ಲಿ ಸಿಗುತ್ತವೆ. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಕೇಳುತ್ತ ಬಸ್ಸಿನಲ್ಲಿ ಬೀದರಿಗೆ ಹೋಗಿಬರುವವರನ್ನು ನಾನು ಬಲ್ಲೆ. ಅಂಥವರು ‘ಒಳ್ಳೆಯ ಇಯರ್‌ಫೋನ್ ಯಾವುದು’ ಎಂದು ಕೇಳಿದಾಗ ‘ದುಬಾರಿಯದು’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಉತ್ತರ ಬಹಳಮಟ್ಟಿಗೆ ತಪ್ಪು.

ಈ ವಸ್ತುವಿನ ಹುಟ್ಟೇ ಸ್ವಾರಸ್ಯದ್ದು. ಇಂದು ಶ್ರೀಮಂತರ ಶೋಕಿಯಾಗಿರುವ ಹಲವು ಇನ್-ಇಯರ್ ಫೋನುಗಳ ಒಳಗಿನ ಯಂತ್ರ, ಅಂದರೆ ‘ಬ್ಯಾಲೆನ್ಸ್ಡ್ ಆರ್ಮೇಚರ್’ ಎಂಬ ಅಕ್ಕಿಕಾಳಿಗಿಂತ ತುಸು ದೊಡ್ಡ ಲೋಹದ ಡಬ್ಬಿ, ಕಿವಿ ಮಂದವಾದವರ ಶ್ರವಣಸಾಧನದಿಂದ ಬಂದದ್ದು. ಅದೇ ಕಸುಬಿನ ಮೀಡ್ ಕಿಲಿಯನ್ ಎಂಬ ಅಮೆರಿಕದ ತಜ್ಞ ತನ್ನ ಎಟಿಮೋಟಿಕ್ ಕಂಪನಿಯಿಂದ 1991ರಲ್ಲಿ ‘ಇಆರ್-4’ ಹೊರತಂದ. ಕಿವಿಯ ಕೊಳವೆಯೊಳಗೆ ಆಳಕ್ಕೆ ಇಳಿಯುವ, ಸಂಗೀತಕ್ಕೆಂದೇ ಮಾಡಿದ ಇಯರ್‌ಫೋನುಗಳಲ್ಲಿ ಅದು ಹಿರಿಯಣ್ಣ. 1990ರ ದಶಕದ ನಡುವಿನಲ್ಲಿ ವ್ಯಾನ್ ಹೇಲನ್ ರಾಕ್ ತಂಡದ ಡ್ರಮ್ ವಾದಕನಿಗೆ ವೇದಿಕೆಯ ಗದ್ದಲದಲ್ಲಿ ತನ್ನ ತಂಡದವರ ವಾದನವೇ ಕೇಳದಾಯಿತು. ಅವನಿಗಾಗಿ ಸೌಂಡ್ ಎಂಜಿನಿಯರ್ ಜೆರ್ರಿ ಹಾರ್ವೆ ಕಿವಿಯ ಅಚ್ಚಿಗೆ ಹೊಂದುವ ಇಯರ್‌ಫೋನ್ ಮಾಡಿಕೊಟ್ಟ. ಅಲ್ಲಿಂದ ಅಲ್ಟಿಮೇಟ್ ಇಯರ್ಸ್ ಕಂಪನಿ ಹುಟ್ಟಿತು. ಗಾಯಕರು, ವಾದಕರು ಕೆಲಸಕ್ಕೆ ಹಾಕಿಕೊಳ್ಳುತ್ತಿದ್ದ ಸಲಕರಣೆ ಬರಬರುತ್ತ ಸಭಿಕರ ಕಿವಿಗೂ ಬಂತು.

ಆಮೇಲೆ ಶುರುವಾದದ್ದು ಎಣಿಕೆಯ ಪೈಪೋಟಿ. ಒಂದು ಕಿವಿಗೆ ಎರಡು ಡ್ರೈವರು (ಅಂದರೆ ಒಳಗಿನ ಪುಟ್ಟ ಸ್ಪೀಕರು), ನಾಲ್ಕು ಡ್ರೈವರು, ಹತ್ತು ಡ್ರೈವರು. 2013ರ ಶೂರ್ ‘ಎಸ್‌ಇ 846’ರಲ್ಲಿ ಕಿವಿಗೆ ನಾಲ್ಕು, 2016ರ ಕ್ಯಾಂಪ್‌ಫೈರ್ ‘ಆಂಡ್ರೊಮಿಡಾ’ದಲ್ಲಿ ಐದು. ಮಂದ್ರಕ್ಕೊಂದು, ತಾರಕ್ಕೊಂದು ಎಂದು ಕೆಲಸ ಹಂಚಿಕೊಡುವ ಲೆಕ್ಕಾಚಾರವೇನೋ ಸರಿ. ಆದರೆ ಹಂಚಿದ್ದನ್ನು ಮತ್ತೆ ಹೊಂದಿಸುವುದು ಕಷ್ಟ. ಎರಡು ಡ್ರೈವರುಗಳ ಸರಹದ್ದಿನಲ್ಲಿ ಸ್ವರ ಕಾಲೆಡವಿದರೆ ಗಾಯಕರ ಕಂಠವೇ ಬೇರೆಯಾಗಿ ಕೇಳುತ್ತದೆ. ಲಕ್ಷದ ‘ಐಇ 900’ ಒಂದೇ ಡ್ರೈವರಿಗೆ ನೆಚ್ಚಿಕೊಂಡಿದೆ ಅಂದಮೇಲೆ ಎಣಿಕೆ ನೋಡಿ ಗುಣ ಹೇಳುವ ಮಾತು ಅಲ್ಲಿಗೇ ಮುಗಿಯಿತು.

ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದಿಂದ ಎಳ್ಳ ಅಮಾವಾಸ್ಯೆಗೆ ಊರಿಗೆ ಬಂದಿದ್ದ ನಮ್ಮ ಅಣ್ಣನ ಮಗ ಈ ‘ಐಇ 900’ ತಂದಿದ್ದ. ಜೊತೆಗೆ ಎರಡು ಸಾವಿರದ ಆಸುಪಾಸಿನ ‘ಸಾಲ್ನೋಟ್ಸ್ ಝೀರೊ’ ಕೂಡ ಇತ್ತು. 2022ರಲ್ಲಿ ಬಂದ ಈ ಚೀನೀ ಇಯರ್‌ಫೋನು ಅಗ್ಗದ ಮಾಲಿನ ಲೆಕ್ಕವನ್ನೇ ಬದಲಿಸಿದ್ದು. ಹೊಲದಲ್ಲಿ ಭಜ್ಜಿ–ರೊಟ್ಟಿ ಊಟ ಮುಗಿಸಿ, ಅಂಬಲಿ ಕುಡಿದು, ಭಜನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ ನುಡಿಸುವ ಕಾಕಾ ಒಬ್ಬರ ಕಿವಿಗೆ ಮೊದಲು ಅಗ್ಗದ್ದನ್ನು ಇಟ್ಟೆವು. ‘ಛಂದ ಅದ’ ಎಂದು ತಲೆಯಾಡಿಸಿದರು. ಆಮೇಲೆ ಲಕ್ಷದ್ದು. ಕಾಕಾನ ಹುಬ್ಬು ಗಂಟಾಯಿತು.

‘ಯಾನೋ ಇದು, ಡಗ್ಗಾ ಎಲ್ಲಿ ಹೋಯ್ತು? ಬರೇ ತಾಳಾನೇ ಕೇಳ್ಸಲತದ.’

ತಪ್ಪು ಯಂತ್ರದ್ದಲ್ಲ, ತುದಿಯ ರಬ್ಬರಿನದು. ಕಾಕಾನ ಕಿವಿಗೆ ಆ ಅಳತೆ ಸಣ್ಣದಾಗಿತ್ತು. ಇನ್-ಇಯರ್ ಫೋನು ಕಿವಿಯ ಕೊಳವೆಯನ್ನು ಗಾಳಿ ಆಡದಂತೆ ಮುಚ್ಚಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಮಂದ್ರದ ಸದ್ದು ಅದರಲ್ಲೇ ಸೋರಿಹೋಗುತ್ತದೆ. ತಬಲಾದ ಎಡಗೈ, ಹಲಗೆಯ ಗುದ್ದು, ತಂಬೂರಿಯ ಖರ್ಜದ ತಂತಿ ಎಲ್ಲ ತೆಳ್ಳಗಾಗುತ್ತವೆ. ದೊಡ್ಡ ಅಳತೆಯ ರಬ್ಬರು ಹಾಕಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ತುಸು ಎಳೆದು ಕೂಡಿಸಿದ ಮೇಲೆ ಕಾಕಾನ ಮುಖ ಅರಳಿತು: ‘ಈಗ ಬಂತ್ ನೋಡ್!’ ಅಂಗಡಿಯಲ್ಲಿ ಐದು ನಿಮಿಷ ಕಿವಿಗಿಟ್ಟು ‘ಇದರಲ್ಲಿ ಬೇಸ್ ಇಲ್ಲ’ ಎಂದು ತೀರ್ಪು ಕೊಡುವವರಲ್ಲಿ ಎಷ್ಟು ಮಂದಿ ರಬ್ಬರಿನ ಗುಣವನ್ನೇ ಯಂತ್ರದ ಗುಣ ಅಂದುಕೊಂಡಿರಬಹುದು!

ಹೋಲಿಕೆ ಕೆಡಿಸುವ ಎರಡನೇ ಆಸಾಮಿ ವಾಲ್ಯೂಮು. ಅದು ಇನ್ನೂ ಕಿಲಾಡಿ. ಎರಡರಲ್ಲಿ ಒಂದರ ಸದ್ದು ಒಂದು ಡೆಸಿಬಲ್ಲಿನಷ್ಟು ಹೆಚ್ಚಿದ್ದರೆ ಅದು ನಮಗೆ ‘ಜೋರು’ ಅನ್ನಿಸುವುದಿಲ್ಲ. ‘ಸ್ಪಷ್ಟ’, ‘ತುಂಬಿದ ನಾದ’ ಅನ್ನಿಸುತ್ತದೆ. ಸದ್ದು ಕಡಿಮೆಯಾದಷ್ಟೂ ಮನುಷ್ಯನ ಕಿವಿಗೆ ಮಂದ್ರ ಕೇಳಿಸುವುದು ಕಡಿಮೆ ಎಂದು ಬೆಲ್ ಲ್ಯಾಬ್ಸಿನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಫೋನಿನ ವಾಲ್ಯೂಮು ಒಂದೇ ಗೆರೆಯಲ್ಲಿದ್ದರೂ ಎರಡು ಇಯರ್‌ಫೋನುಗಳ ಸದ್ದು ಒಂದೇ ಇರುವುದಿಲ್ಲ. ಒಂದು ಸ್ವಲ್ಪ ಕರೆಂಟಿಗೇ ಕೂಗುತ್ತದೆ, ಇನ್ನೊಂದು ಹೆಚ್ಚು ಕರೆಂಟು ಬೇಡುತ್ತದೆ. ಎರಡನ್ನೂ ಸಮಮಾಡದೆ ಹೋಲಿಸಿದರೆ ಗೆಲ್ಲುವುದು ಜೋರಾಗಿ ಕೂಗುವುದೇ.

ಮೂರನೆಯದು ಬೆಲೆಯ ಚೀಟಿ. ಲಕ್ಷ ಕೊಟ್ಟವನ ಕಿವಿ ಲಕ್ಷವನ್ನೇ ಕೇಳುತ್ತದೆ. ಕಣ್ಣು ಕಟ್ಟಿ ಪರೀಕ್ಷೆ ಮಾಡೋಣವೆಂದರೆ ಬೆರಳು, ಕಿವಿ ಎರಡಕ್ಕೂ ಆಕಾರ ಗೊತ್ತಾಗಿಬಿಡುತ್ತದೆ. ಇದಕ್ಕೆ ಹರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಸಂಗಡಿಗರು ಉಪಾಯ ಹುಡುಕಿದರು. ಕೇಳುಗರ ಕಿವಿಯಲ್ಲಿ ಒಂದೇ ಇಯರ್‌ಫೋನು ಇಟ್ಟು, ಉಳಿದವುಗಳ ನಾದವನ್ನು ಅದರಲ್ಲೇ ಅನುಕರಣೆ ಮಾಡಿ ಕೇಳಿಸಿದರು. 2017ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ 30 ಮಾದರಿಗಳು, 71 ಕೇಳುಗರು. ಯಾವುದರ ನಾದ ಯಾವುದೆಂದು ಗೊತ್ತಿಲ್ಲದೆ ಅವರು ಒಪ್ಪಿದ್ದರಲ್ಲಿ ಒಂದು ಸಾಮ್ಯ ಇತ್ತು. ತೆರೆದ ಕಿವಿ ಸಹಜವಾಗಿ 3000 ಹರ್ಟ್ಜ್ ಆಸುಪಾಸಿನ ಸದ್ದನ್ನು ಎತ್ತಿಕೊಡುತ್ತದೆ. ಕಿವಿಗೆ ಬಿರಟೆ ಹಾಕಿದಾಗ ಆ ಎತ್ತುಗಡೆ ಕೆಡುತ್ತದೆ. ಅದನ್ನು ಹಿಂದಿರುಗಿಸಿ ಕೊಟ್ಟು, ಮಂದ್ರವನ್ನು ಹಿತವಾಗಿ ಏರಿಸಿದ ಇಯರ್‌ಫೋನು ಮೆಚ್ಚುಗೆ ಪಡೆಯಿತು. ಅದೇ ವರ್ಷ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನುಗಳ ಅಳತೆ ಮತ್ತು ಬೆಲೆಯನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಸ್ವರಗಳ ಏರಿಳಿತಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಆಲಿವ್ ತಂಡದ ಪರೀಕ್ಷೆಗಳಿಂದ ಮೂಡಿದ, ಕೇಳುಗರು ಮೆಚ್ಚುವ ನಾದದ ‘ಹರ್ಮನ್ ರೇಖೆ’ ಎಲ್ಲರ ಕಣ್ಣ ಮುಂದಿದೆ. ಅದನ್ನು ನೋಡಿಕೊಂಡು ‘ಝೀರೊ’ದಂಥ ಎರಡು ಸಾವಿರದ ಮಾಲು ಮಾಡಲು ಈಗ ಕಾರ್ಖಾನೆಗಳಿಗೆ ಬರುತ್ತದೆ.

ಹಾಗಂತ ಲಕ್ಷದ್ದು ಬರೀ ಮೋಸ ಅನ್ನಲಾರೆ. ಹೊಂದುವ ರಬ್ಬರು ಹಾಕಿ, ಸದ್ದು ಸಮಮಾಡಿಕೊಂಡು ಇತ್ತೀಚಿನ ಒಂದು ಒಳ್ಳೆಯ ಹಿಂದೂಸ್ತಾನಿ ಧ್ವನಿಮುದ್ರಣ ಕೇಳಿದಾಗ ವ್ಯತ್ಯಾಸ ಇತ್ತು, ಮತ್ತು ಅದು ಇದ್ದ ಜಾಗ ಗುರುತು ಹಿಡಿಯುವಂತಿತ್ತು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಇಡುವ ದಾರದಿಂದ ಜವಾರಿ ಹುಟ್ಟುತ್ತದೆ. ಒಂದು ತಂತಿ ಮೀಟಿದರೆ ನೊಣ ಹಾರಿದಂತೆ ಝೇಂಕರಿಸುತ್ತ, ಮೇಲಿನ ಸ್ವರಗಳು ಒಂದಾದಮೇಲೊಂದು ಬಿರಿದು ಕರಗುತ್ತವೆ. ಅಗ್ಗದ್ದರಲ್ಲಿ ಅದು ‘ಝುಂ’ ಎಂಬ ಒಂದು ಹಾಸು. ದುಬಾರಿಯದರಲ್ಲಿ ನಾಲ್ಕು ತಂತಿಗಳು ನಾಲ್ಕಾಗಿ ಬಂದವು, ಒಂದರ ಬಾಲ ಮುಗಿಯುವ ಮೊದಲೇ ಇನ್ನೊಂದು ಹತ್ತಿಕೊಳ್ಳುವುದು ಕೇಳಿಸಿತು. ಭಜನೆ ತಾಳದ ಹಿತ್ತಾಳೆ ಸದ್ದು ಅಗ್ಗದ್ದರಲ್ಲಿ ಸೂಜಿಯಾಗಿ ಚುಚ್ಚಿದರೆ ಇದರಲ್ಲಿ ಚುಚ್ಚದೆ ಹೊಳೆಯಿತು. ಎಡಗಿವಿ–ಬಲಗಿವಿಗಳ ಡ್ರೈವರುಗಳು ಒಂದರಂತೆ ಇನ್ನೊಂದು ಇರುವುದರಿಂದ ಗಾಯಕರು ನೆತ್ತಿಯ ನಟ್ಟನಡುವೆ ಅಲುಗಾಡದೆ ಕೂರುತ್ತಾರೆ. ಇಂಥ ಜೋಡಿ ಆರಿಸುವುದಕ್ಕೂ ಖರ್ಚಿದೆ. ಇಷ್ಟು ಸತ್ಯ. ಆದರೆ ಎರಡು ಸಾವಿರದ್ದಕ್ಕೂ ಲಕ್ಷದ್ದಕ್ಕೂ ನಡುವಿನ ಅಂತರ, ಮುನ್ನೂರರದ್ದಕ್ಕೂ ಎರಡು ಸಾವಿರದ್ದಕ್ಕೂ ಇರುವಷ್ಟು ದೊಡ್ಡದು ನನಗಂತೂ ಕೇಳಲಿಲ್ಲ.

ಕಾಕಾಗೆ ಮಾತ್ರ ಬೇರೆಯೇ ಕೇಳಿಸಿತು. ಒಂದು ಪದ ಪೂರ್ತಿ ಕೇಳಿ, ವೈರು ಕಳಚಿ ಕೈಗೆ ಕೊಟ್ಟರು: ‘ಪೇಟಿ ಭಾತಿ ಹವಾ ಎಳಕೊಳ್ಳೂದು, ಮನಿ ಒತ್ತಿದಾಗ ಕಟ್ಟಿಗಿ ಬಡಿಯೂದು ಎಲ್ಲಾ ಕೇಳ್ಸಲತದ. ನಾ ಪದಾ ಕೇಳ್ಬೇಕೋ, ಅಂವನ ಪೇಟಿ ರಿಪೇರಿ ಮಾಡ್ಬೇಕೋ?’

ನಕ್ಕು ಬಿಡುವ ಮಾತಲ್ಲ ಇದು. ಲಕ್ಷದ ಇಯರ್‌ಫೋನು ಧ್ವನಿಮುದ್ರಣದಲ್ಲಿ ಇದ್ದದ್ದನ್ನು ತೋರಿಸುತ್ತದೆ, ಇಲ್ಲದ್ದನ್ನು ತಂದು ತುಂಬುವುದಿಲ್ಲ. ನಮ್ಮವರ ಪ್ರೀತಿಯ ಸಂಗೀತದ ಬಹುಪಾಲು ಹಳೆಯದು. ನಿಮಿಷಕ್ಕೆ 78 ಸುತ್ತಿನ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿದ ಹಾಡಿಗೆ ಐದಾರು ಸಾವಿರ ಹರ್ಟ್ಜಿನ ಮೇಲೆ ಮುಳ್ಳಿನ ಸರಸರ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಮೀಡಿಯಂ ವೇವ್ ರೇಡಿಯೊದ ಕೇಂದ್ರಗಳ ನಡುವಿನ ಅಂತರವೇ 9 ಕಿಲೊಹರ್ಟ್ಜ್. ಹೀಗಾಗಿ ಆಕಾಶವಾಣಿ ಕಲಬುರಗಿಯಿಂದ ನಮ್ಮ ಹಿರಿಯರು ಕೇಳಿ ಕಣ್ಣೀರು ಹಾಕಿದ ನಾದ 5000 ಹರ್ಟ್ಜಿನೊಳಗಿನದು. ಆಮೇಲೆ ಕ್ಯಾಸೆಟ್ಟು ಬಂತು, ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ, ಅಲ್ಲಿಂದ ವಾಟ್ಸ್ಆ್ಯಪಿಗೆ. ಪ್ರತಿ ಹೆಜ್ಜೆಯಲ್ಲೂ ಒಂದಿಷ್ಟು ಸವೆಯಿತು. ಇದನ್ನು ‘ಐಇ 900’ರಲ್ಲಿ ಕೇಳಿದರೆ ಸರಸರ ಅಚ್ಚುಕಟ್ಟಾಗಿ ಕೇಳುತ್ತದೆ, ಅಷ್ಟೆ. ಮನ್ಸೂರರ ಕಂಠದ ಮೊನೆ, ಗಂಗೂಬಾಯಿ ಹಾನಗಲ್ಲರ ದನಿಯ ಭಾರ ಇರುವುದೆಲ್ಲ ನಡುವಿನ ಸ್ವರವಲಯದಲ್ಲಿ. ಅದನ್ನು ಸರಿಯಾಗಿ ಕೊಡುವ ಇಯರ್‌ಫೋನು ಎರಡು ಸಾವಿರಕ್ಕೆ ಸಿಗುತ್ತದೆ. ಅಂಗಡಿಗೆ ಹೋದಾಗ ಅವರು ಹಾಕುವ ಧಡಧಡ ಡೆಮೊ ಹಾಡು ಬಿಟ್ಟು, ನಿಮಗೆ ಬಾಯಿಪಾಠ ಇರುವ ಒಂದು ಕಂಠ ಕೇಳಿ. ಆ ಕಂಠ ಮೂಗಿನಲ್ಲಿ ಬಂದಂತಿದ್ದರೆ, ಕೊಡದೊಳಗಿಂದ ಬಂದಂತಿದ್ದರೆ ಆ ಮಾಲು ಬೇಡ.

ಬ್ಲೂಟೂತಿನ ಮಾತು ಚುಟುಕಾಗಿ ಮುಗಿಸುತ್ತೇನೆ. ಅದರಲ್ಲಿ ಸದ್ದು ಮತ್ತೊಮ್ಮೆ ಹಿಂಡಿಸಿಕೊಂಡೇ ಬರುತ್ತದೆ. ಆದರೆ ವಾಟ್ಸ್ಆ್ಯಪಿನ ಹಾಡಿಗೆ ಅದೇನೂ ದೊಡ್ಡ ನಷ್ಟವಲ್ಲ. ವೈರಿನದೇ ಬೇಕು, ಫೋನಿಗೆ ಜ್ಯಾಕ್ ಇಲ್ಲ ಅನ್ನುವವರಿಗೆ ಒಂದು ಸಣ್ಣ ಡಾಂಗಲ್ ಸಾಕು. ಅದಕ್ಕೆ ಹತ್ತಿಪ್ಪತ್ತು ಸಾವಿರ ಸುರಿಯುವುದು ನನ್ನ ಲೆಕ್ಕದಲ್ಲಿ ದಂಡ.

ನಿಜಕ್ಕೂ ದುಡ್ಡು ಕೊಡಬೇಕಾದ ಗುಣ ಇನ್ನೊಂದಿದೆ, ಹೊರಗಿನ ಗದ್ದಲ ತಡೆಯುವುದು. ಬೀದರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಇಲ್ಲೇ. ತರಬೇತಿಯ ಹಾಕ್ ಜೆಟ್ಟುಗಳು ತಲೆಯ ಮೇಲೆ ಹಾದಾಗ ಊರೆಲ್ಲ ಮಾತು ನಿಲ್ಲಿಸಿ ಕಾಯುತ್ತದೆ. ಗದ್ದಲ ಅಳಿಸುವ ಹೆಡ್‌ಸೆಟ್ಟೂ ವಿಮಾನದಿಂದಲೇ ಬಂದದ್ದು. 1978ರಲ್ಲಿ ಜ್ಯೂರಿಕ್‌ನಿಂದ ವಿಮಾನದಲ್ಲಿ ಮರಳುವಾಗ ಎಂಜಿನ್ ಸದ್ದಿನಲ್ಲಿ ಸಂಗೀತ ಕೇಳದೆ ಬೇಸತ್ತ ಅಮರ್ ಬೋಸ್, ಬಂಗಾಳದ ಸ್ವಾತಂತ್ರ್ಯ ಹೋರಾಟಗಾರನೊಬ್ಬನ ಮಗ, ಅಲ್ಲೇ ಕೂತು ಲೆಕ್ಕ ಬರೆದ. ಬಂದ ಸದ್ದಿಗೆ ತದ್ವಿರುದ್ಧ ಅಲೆ ಹುಟ್ಟಿಸಿ ಹೊಡೆದುಹಾಕುವ ಆ ಹೆಡ್‌ಸೆಟ್ಟು ಪೈಲಟ್‌ಗಳ ಕೈಗೆ ಬಂದದ್ದು 1989ರಲ್ಲಿ. ಎಂಜಿನ್ನು, ಜನರೇಟರು, ಬಸ್ಸಿನಂಥ ಒಂದೇಸಮನೆ ಗುಂಯ್‌ಗುಡುವ ಸದ್ದಿಗೆ ಆ ಉಪಾಯ ನಡೆಯುತ್ತದೆ. ಹಿಂದಿನ ಸೀಟಿನವರ ಹರಟೆಗೆ ಅಷ್ಟಾಗಿ ನಡೆಯುವುದಿಲ್ಲ. ಅದಕ್ಕೆ ಕಿವಿಗೆ ಗಟ್ಟಿಯಾಗಿ ಕೂರುವ ರಬ್ಬರೇ ಬೇಕು.

ಔರಾದ್‌ನಿಂದ ಬೀದರಿಗೆ ಬರುವ ಬಸ್ಸಿನಲ್ಲಿ ಎಂಜಿನ್ನಿನ ಪಕ್ಕ ಕೂತ ಹುಡುಗನನ್ನು ನೋಡಿ. ಸಡಿಲ ಇಯರ್‌ಫೋನಿನೊಳಗೆ ಸೇರುವ ಬಸ್ಸಿನ ಸದ್ದನ್ನು ಮೀರಿಸಲು ವಾಲ್ಯೂಮು ತುದಿ ಮುಟ್ಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬಲ್ ಏರಿದಂತೆಲ್ಲ ಆ ಗಂಟೆಗಳು ಅರ್ಧಕ್ಕೆ ಇಳಿಯುತ್ತವೆ: 83ಕ್ಕೆ 20, 86ಕ್ಕೆ 10. ಹೊರಸದ್ದು ತಡೆದು ವಾಲ್ಯೂಮು ಇಳಿಸಲು ಬಿಡುವ ಇಯರ್‌ಫೋನು ಆ ಹುಡುಗನಿಗೆ ಯಾವ ‘ಐಇ 900’ಕ್ಕಿಂತಲೂ ದೊಡ್ಡದು.

‘ಐಇ 900’ರ ಡಬ್ಬಿಯಲ್ಲಿ 5ರಿಂದ 48,000 ಹರ್ಟ್ಜ್ ಎಂಬ ಹೆಮ್ಮೆಯ ಅಂಕಿ ಇದೆ. ಎಳೆಯ ಕಿವಿ ಕೇಳುವುದೇ 20,000 ತನಕ. ಐವತ್ತು ದಾಟಿದವರಲ್ಲಿ ಬಹಳ ಮಂದಿಗೆ 12,000ದ ಮೇಲೆ ಹೆಚ್ಚೇನೂ ದಕ್ಕುವುದಿಲ್ಲ. ವರ್ಷಗಟ್ಟಲೆ ಟ್ರ್ಯಾಕ್ಟರು, ಹಿಟ್ಟಿನ ಗಿರಣಿ, ಡಿಜೆಗಳ ನಡುವೆ ಕಳೆದವರಿಗೆ ಇನ್ನೂ ಕಡಿಮೆ. ಆದ್ದರಿಂದ ಲಕ್ಷ ಎಣಿಸುವ ಮೊದಲು ಕಿವಿ–ಮೂಗು–ಗಂಟಲು ವೈದ್ಯರಲ್ಲಿಗೆ ಹೋಗಿ ಆಡಿಯೋಗ್ರಾಮ್ ಮಾಡಿಸಿ. ಅದರ ಮಾಮೂಲಿ ಚೀಟಿ 250ರಿಂದ ಶುರುವಾಗಿ 8000 ಹರ್ಟ್ಜಿಗೆ ಮುಗಿಯುತ್ತದೆ. ಅದರ ಗೆರೆ ಬಲಗಡೆಗೆ ಕುಸಿದಿದ್ದರೆ ಜವಾರಿಯ ಆ ಕೊನೆಯ ಝೇಂಕಾರಕ್ಕೆ ದುಡ್ಡು ಕೊಡುವ ಮೊದಲು ಇನ್ನೊಮ್ಮೆ ಯೋಚಿಸಬಹುದು.